ಮಣ್ಣಿಗಿಳಿಯಬೇಕಿದ್ದ ತಂತಿ

ಬ್ರಹ್ಮಾವರದಲ್ಲಿ ನಾವು ಕಟ್ಟಿಸುತ್ತಿರುವ ಮನೆಯ ಹಿಂಬದಿಯಲ್ಲಿ ಹೋದ ವಾರ ಎಲೆಕ್ಟ್ರಿಷಿಯನ್ ಅರ್ತಿಂಗ್ ಗುಂಡಿ ತೆಗೆಸಿದ. ನಡುವೆ ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು ತುಂಬಿಸಿ, ಮೇಲಿಂದ ಕೊಡದಲ್ಲಿ ನೀರು ಹೊಯ್ದ. ಒಂದು ವಾಸನೆ ಎದ್ದಿತು. ಒಲೆಯ ಕೆಂಡಕ್ಕೆ ನೀರು ಚೆಲ್ಲಿದಾಗ ಬರುತ್ತದಲ್ಲ, ಅದೇ ಜಾತಿಯದು, ಆದರೆ ತಣ್ಣಗಿನದು, ಸ್ವಲ್ಪ ಸಮುದ್ರದ ಕಡೆಯದು. ಮೇಸ್ತ್ರಿಯ ಹತ್ತಿರ ಕಿಟಕಿಯ ಅಳತೆ ಮಾತಾಡುತ್ತಿದ್ದ ನಾನು ಅರ್ಧದಲ್ಲೇ ಬಿಟ್ಟು ಗುಂಡಿಯ ಹತ್ತಿರ ಹೋಗಿ ನಿಂತೆ. ಈ ವಾಸನೆಯನ್ನು ಹಿಂದೆ ಒಮ್ಮೆ ಮೂಸಿದ್ದೆ. ಕೋಟದಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯಲ್ಲಿ, ನನ್ನ ಬಾಡಿಗೆ ಮನೆಯ ಅಮ್ಮನ ಗದ್ದೆಯ ಬದಿಯಲ್ಲಿ…

ಆಗ ನನಗೆ ಕೆಲಸ ಸಿಕ್ಕಿದ ಹೊಸತು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವುದು. ನನ್ನ ಊರು ಸಿದ್ದಾಪುರದ ಆಚೆ. ಬೆಳಿಗ್ಗೆ ಮೊದಲ ಬಸ್ಸು ಹಿಡಿದರೂ ಕುಂದಾಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ ಶಾಲೆ ಮುಟ್ಟುವಾಗ ಪ್ರಾರ್ಥನೆ ಮುಗಿದಿರುತ್ತಿತ್ತು. ಹಾಗಾಗಿ ಶಾಲೆಯ ಗುಮಾಸ್ತರು ತಮ್ಮ ಪರಿಚಯದ ಒಂದು ಮನೆಯಲ್ಲಿ ನನಗೆ ಕೋಣೆ ಮಾಡಿಕೊಟ್ಟರು. ಹಂಚಿನ ಮನೆ, ಮುಂದೆ ಜಗಲಿ, ಹಿಂದೆ ತೆಂಗಿನ ಮರಗಳು, ಅದರಾಚೆ ಮರಳು ಮಣ್ಣಿನ ಗದ್ದೆ. ಮನೆಯಲ್ಲಿ ಇದ್ದದ್ದು ಅಮ್ಮ ಒಬ್ಬರೇ. ಮಗಳು ಮದುವೆಯಾಗಿ ಮುಂಬಯಿಯಲ್ಲಿದ್ದಳು. ಅಳಿಯನದು ಅಲ್ಲಿ ಹೋಟೆಲು.

ಅಮ್ಮ ಐವತ್ತು ದಾಟಿದವರು. ಎತ್ತರದ ಹೆಂಗಸು. ನಡಿಗೆ ಬಿರುಸು, ಮಾತು ಅದಕ್ಕಿಂತ ಬಿರುಸು. ನಾನು ಎಲ್ಲರಂತೆ ಅವರನ್ನು ‘ಅಮ್ಮ’ ಎಂದೇ ಕರೆದೆ. ಅವರಿಗೆ ನಾನು ‘ಟೀಚರ್’. ನನಗಿಂತ ಇಮ್ಮಡಿ ವಯಸ್ಸಾಗಿದ್ದರೂ ಕೊನೆಯವರೆಗೆ ನನ್ನನ್ನು ಏಕವಚನದಲ್ಲಿ ಮಾತಾಡಿಸಲಿಲ್ಲ.

ಮೊದಲ ದಿನಗಳಲ್ಲಿ ಒಂದು ವಿಷಯ ನನಗೆ ವಿಚಿತ್ರವಾಗಿ ಕಂಡಿತ್ತು. ಸಂಜೆ ಶಾಲೆಯಿಂದ ಬರುವುದು ಸ್ವಲ್ಪ ತಡವಾದರೆ ಮನೆ ಕತ್ತಲಾಗಿರುತ್ತಿತ್ತು. ದೇವರ ಮುಂದಿನ ದೀಪ ಮಾತ್ರ ಉರಿಯುತ್ತಿತ್ತು. ನಾನು ಬಂದು ಲೈಟು ಹಾಕಬೇಕು. ಉಳಿತಾಯ ಇರಬಹುದೆಂದುಕೊಂಡೆ. ಆಮೇಲೆ ನೋಡಿದರೆ ಅವರು ಯಾವ ಸ್ವಿಚ್ಚನ್ನೂ ಮುಟ್ಟುತ್ತಿರಲಿಲ್ಲ. ತೀರಾ ಬೇಕೆನಿಸಿದರೆ ಹಿಡಿಸೂಡಿ ಪೊರಕೆಯ ಕಡ್ಡಿ ತಂದು, ದೂರ ನಿಂತು, ಅದರ ತುದಿಯಿಂದ ಒತ್ತುತ್ತಿದ್ದರು. ಹಿಂದಿನ ಗದ್ದೆ ಬೀಳುಬಿದ್ದಿತ್ತು. ಅಲ್ಲಿಯ ಪಂಪು ನಿಂತೇ ಹೋಗಿತ್ತು. ಮನೆಗೆ ನೀರು ಬಾವಿಯ ರಾಟೆಯಿಂದಲೇ.

ಕಾರಣ ಹೇಳಿದ್ದು ಅವರ ಗಂಡನ ಅಣ್ಣ. ಬೇಲಿಯಾಚೆಯ ಮನೆ ಅವರದು. ಅಮ್ಮ ಅವರನ್ನು ‘ಭಾವಯ್ಯ’ ಎನ್ನುತ್ತಿದ್ದರು. ಹೊಸ ಬಾಡಿಗೆಯವರು ಯಾರೆಂದು ನೋಡಲು ಬಂದವರು ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಾ ದನಿ ತಗ್ಗಿಸಿ ಹೇಳಿದರು.

“ಅವ್ಳಿಗ್ ಕರೆಂಟ್ ಅಂದ್ರೆ ಹೆದ್ರಿಕೆ ಟೀಚರ್ರೆ. ನನ್ ತಮ್ಮ ಹೋದದ್ ಅದ್ರಗೇ ಅಲ್ದಾ. ಪಂಪಿನ್ ಹತ್ರ. ಎಂತ ಮಾಡೂದ್, ಅವನ್ ಆಯಸ್ಸ್ ಅಷ್ಟೇ ಇದ್ದಿತ್.”

ನಾನು ಬರುವ ಎರಡು ವರ್ಷ ಹಿಂದೆ ಆದದ್ದಂತೆ. ಅಮ್ಮ ಆ ಮಾತು ತೆಗೆಯಲಿಲ್ಲ. ನಾನೂ ಕೇಳಲಿಲ್ಲ.

ಆ ವರ್ಷ ವಿದ್ಯುತ್ತಿನ ಪಾಠಕ್ಕೆಂದು ನಾನು ಜಗಲಿಯಲ್ಲಿ ಕೂತು ಒಂದು ರಟ್ಟಿನ ಮೇಲೆ ಸರ್ಕಿಟ್ ಜೋಡಿಸುತ್ತಿದ್ದೆ. ಎರಡು ಟಾರ್ಚ್ ಸೆಲ್ಲು, ಒಂದು ಸಣ್ಣ ಬಲ್ಬು, ಎರಡು ತುಂಡು ತಂತಿ, ಸ್ವಿಚ್ಚಿನ ಬದಲಿಗೆ ಒಂದು ಸೇಫ್ಟಿ ಪಿನ್ನು. ಅಮ್ಮ ಹಲಸಿನ ಹಪ್ಪಳ ಸುಟ್ಟು ತಂದವರು ಅಲ್ಲೇ ನಿಂತರು.

“ಇದ್ರಗೂ ಕರೆಂಟ್ ಇತ್ತಾ?”

“ಇತ್ತ್ ಅಮ್ಮ. ಆದ್ರೆ ಭಾರಿ ಸಣ್ದ್. ಮುಟ್ಟಿರೆ ಎಂತ ಆತಿಲ್ಲೆ.”

ತುಂಬ ಹೊತ್ತು ನೋಡಿದರು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು ಕೂತರು. ನಾನು ಸೆಲ್ಲಿನ ಒಂದು ತುದಿಯಿಂದ ಬಲ್ಬಿಗೆ ಒಂದು ತಂತಿ ಮುಟ್ಟಿಸಿ ಬಲ್ಬನ್ನು ಅವರ ಕೈಗೆ ಕೊಟ್ಟೆ. ಉರಿಯಲಿಲ್ಲ.

“ಬಪ್ಪುಕೆ ದಾರಿ ಇತ್ತಲೆ. ಮತ್ತೆ ಎಂತಕ್ಕೆ ಉರಿತಿಲ್ಲೆ?”

“ಬಪ್ಪುಕೆ ಇತ್ತ್. ತಿರ್ಗಿ ಹೋಪುಕೆ ಇಲ್ಲೆ.” ಎರಡನೆಯ ತಂತಿ ಮುಟ್ಟಿಸಿದೆ. ಬಲ್ಬು ಉರಿಯಿತು. ಅಮ್ಮ ಕೈ ಹಿಂದೆ ತೆಗೆಯಲಿಲ್ಲ.

“ಬಲ್ಬಿಗೆ ಬಂದದ್ದ್ ಅಲ್ಲೇ ಖರ್ಚ್ ಆತಿಲ್ಯಾ? ತಿರ್ಗಿ ಎಂತಕ್ಕೆ ಹೋಪುದ್?”

ಮಕ್ಕಳು ಬಾಣದ ಗುರುತು ಹಾಕಿ ಪ್ಲಸ್ಸಿನಿಂದ ಮೈನಸ್ಸಿಗೆ ಎಂದು ಬರೆದು ಅಂಕ ತೆಗೆದುಕೊಂಡು ಹೋಗುತ್ತಾರೆ. ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಪುಸ್ತಕದ ಭಾಷೆಯಲ್ಲಿ ಹೇಳಿದರೆ ಅಮ್ಮನಿಗೆ ಅರ್ಥವಾಗುವಂತಿರಲಿಲ್ಲ. ಅಂಗಳದಲ್ಲಿದ್ದ ನನ್ನ ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ ಪೆಡಲು ತಿರುಗಿಸಿ ತೋರಿಸಿದೆ. ಚೈನು ಹಿಂದಿನ ಚಕ್ರದವರೆಗೆ ಹೋಗುತ್ತದೆ, ಚಕ್ರವನ್ನು ತಿರುಗಿಸುತ್ತದೆ, ಆದರೆ ಅಲ್ಲಿ ಮುಗಿದುಹೋಗುವುದಿಲ್ಲ, ಸುತ್ತಿ ವಾಪಸು ಬರುತ್ತದೆ. ಒಂದು ಕಡೆ ತುಂಡಾದರೆ ಪೂರ್ತಿ ನಿಲ್ಲುತ್ತದೆ. ಸ್ವಿಚ್ಚು ಅಂದರೆ ಬೇಕೆಂದಾಗ ತುಂಡು ಮಾಡಿ, ಬೇಕೆಂದಾಗ ಕೂಡಿಸುವ ಜಾಗ, ಅಷ್ಟೆ. ಅಮ್ಮ ತಾವೇ ಪೆಡಲು ಹಿಡಿದು ಎರಡು ಮೂರು ಸುತ್ತು ತಿರುಗಿಸಿದರು.

“ಚೈನ್ ಖಾಲಿ ಆತಿಲ್ಲೆ,” ಎಂದರು. ಒಳಗೆ ಹೋದರು.

ಅಲ್ಲಿಂದ ಇದು ಒಂದು ರೂಢಿಯಾಯಿತು. ನಾನು ಸಂಜೆ ಬಂದು ಕಾಲು ತೊಳೆಯುವಷ್ಟರಲ್ಲಿ ಒಂದು ಪ್ರಶ್ನೆ ತಯಾರಿರುತ್ತಿತ್ತು. ಒಂದು ದಿನ ಬಾವಲಿಯ ವಿಷಯ. ಬಸ್‌ಸ್ಟಾಪಿನ ಹತ್ತಿರ ಲೈನಿನ ಮೇಲೆ ಒಂದು ಬಾವಲಿ ಸತ್ತು ಒಣಗಿ ನೇತಾಡುತ್ತಿತ್ತು.

“ಅದೇ ಸರಿಗೆ ಮೇಲೆ ಕಾಕಿ ಕೂಕಂಡ್ರೆ ಎಂತ ಆತಿಲ್ಲೆ. ಬಾವ್ಲಿ ಎಂತಕ್ಕೆ ಸಾಯತ್ತ್?”

ತಂತಿಗೆ ಅವರು ಸರಿಗೆ ಎನ್ನುತ್ತಿದ್ದರು. ಕಾಗೆಯ ಎರಡು ಕಾಲೂ ಒಂದೇ ತಂತಿಯ ಮೇಲೆ; ಅದರ ಮೈಯಿಂದ ಕರೆಂಟಿಗೆ ಮುಂದೆ ಹೋಗಲು ಜಾಗವಿಲ್ಲ. ಬಾವಲಿಯ ರೆಕ್ಕೆ ಉದ್ದ. ಹಾರುವಾಗ ಎರಡನೆಯ ತಂತಿಗೂ ತಾಗುತ್ತದೆ. ಅದರ ಮೈಯೇ ದಾರಿಯಾಗುತ್ತದೆ. ಹೀಗೆಂದೆ. ಅಮ್ಮ “ಹೌದಾ” ಎಂದರು. ಮರುದಿನ ಆ ಬಾವಲಿಯನ್ನು ಮತ್ತೊಮ್ಮೆ ನೋಡಿಕೊಂಡು ಬಂದಿದ್ದರಂತೆ.

ನಿಜವಾದ ಪ್ರಶ್ನೆ ಬಂದದ್ದು ಒಂದು ಭಾನುವಾರ, ಮಧ್ಯಾಹ್ನದ ಅಡುಗೆಯ ಹೊತ್ತಿಗೆ. ಅಮ್ಮ ಮೆಟ್ಟುಕತ್ತಿಯ ಮೇಲೆ ಕೂತು ಬಾಳೆಕಾಯಿ ಹೆಚ್ಚುತ್ತಿದ್ದರು. ನಾನು ಕಾಯಿ ತುರಿಯುತ್ತಿದ್ದೆ. ತಲೆಯೆತ್ತದೆಯೇ ಹೇಳತೊಡಗಿದರು.

“ನೆಲಗಡ್ಲೆ ಹಾಕಿದ್ದೊ. ಗದ್ದೆಗ್ ನೀರ್ ಬಿಡ್ಕಿತ್ತ್. ಪಂಪ್ ನೀರ್ ಎಳಿತಿಲ್ಲೆ ಅಂತ ಅವ್ರ್ ಕೊಡಪಾನ ಹಿಡ್ಕಂಡ್ ಹೋದ್ರ್, ತುಂಬ್ಸುಕೆ. ಸ್ವಿಚ್ ಇಲ್ಲಿ, ಹಿಂದಿನ್ ಗೋಡೆಗೆ. ಅಲ್ಲಿಂದ ‘ಹಾಕ್’ ಅಂದ್ರ್. ನಾನ್ ಹಾಕ್ದೆ. ಮೋಟ್ರ್ ಸದ್ದ್ ಕೇಂತ್. ನೀರ್ ಬಂದ್ರೆ ‘ನೀರ್ ಬಂತ್’ ಅಂತ ಹೇಳ್ತಿದ್ರ್ ಅವ್ರ್, ಯಾವಾಗ್ಳೂ. ನಾನ್ ಕಾದೆ. ಹೇಳ್ಲಿಲ್ಲೆ…”

ಬಾಳೆಕಾಯಿ ಹೆಚ್ಚಿ ಮುಗಿಯಿತು. ಅದನ್ನು ನೀರಿಗೆ ಹಾಕಿದರು.

“ಮುಂಚಿನ್ ದಿನ ನಾನೂ ಅದೇ ಪಂಪ್ ಮುಟ್ಟಿದ್ದೆ. ಮೋಟ್ರ್ ಓಡ್ತಾ ಇದ್ದಿತ್. ನಂಗೆಂತ ಆಯ್ಲಿಲ್ಲೆ. ಅವ್ರಿಗ್ ಎಂತಕ್ಕೆ ಆಯ್ತ್?” ಮೆಟ್ಟುಕತ್ತಿಯಿಂದ ಎದ್ದು, “ಹಾಕದ್ ನಾನ್ ಅಲ್ದಾ ಟೀಚರ್ರೆ?” ಎಂದರು.

ಇಷ್ಟು ದಿನದ ಸೆಲ್ಲು, ಬಲ್ಬು, ಬಾವಲಿ ಎಲ್ಲ ಈ ಕೊನೆಯ ಮಾತಿಗಾಗಿ ಎಂದು ನನಗೆ ಆಗ ತಿಳಿಯಿತು. ಆಯಸ್ಸು ಎನ್ನಬಹುದಿತ್ತು, ಎಲ್ಲರೂ ಅದನ್ನೇ ಹೇಳಿದ್ದರು. ಆದರೆ ಅವರು ನನ್ನ ಹತ್ತಿರ ಕೇಳಿದ್ದು ನಾನು ವಿಜ್ಞಾನದ ಟೀಚರೆಂದು. “ಪಂಪ್ ಕಂಡ್ಕಂಡ್ ಬಪ್ಪ, ಬನ್ನಿ,” ಎಂದೆ.

ಪಂಪಿನ ಫ್ಯೂಸನ್ನು ಸಾವಾದ ದಿನವೇ ಕಿತ್ತು ಇಟ್ಟಿದ್ದರು, ಹಾಗಾಗಿ ಭಯವಿರಲಿಲ್ಲ. ಗದ್ದೆಯ ಮೂಲೆಯಲ್ಲಿ ಒಂದು ಹೊಂಡ, ಅದರ ದಂಡೆಯಲ್ಲಿ ನಾಲ್ಕು ಹಂಚಿನ ಮಾಡು, ಅದರ ಕೆಳಗೆ ತುಕ್ಕು ಹಿಡಿದ ಪಂಪು. ಅಮ್ಮ ಗದ್ದೆಯ ಅಂಚಿನಲ್ಲೇ ನಿಂತರು. ನಾನು ತಿಳಿದಷ್ಟು ಹೇಳಿದೆ. ಮಳೆಗಾಲವಿಡೀ ಸುಮ್ಮನಿದ್ದ ಮೋಟಾರು. ಒಳಗಿನ ತಂತಿಯ ಸುತ್ತುಗಳಿಗೆ ಥಂಡಿ ಹಿಡಿದು ಕರೆಂಟು ಹೊರಗಿನ ಕಬ್ಬಿಣಕ್ಕೆ ಸೋರುತ್ತಿದ್ದಿರಬೇಕು. ಕಬ್ಬಿಣದಲ್ಲಿ ಬಂದು ನಿಂತದ್ದಕ್ಕೆ ವಾಪಸು ಹೋಗಲು ದಾರಿ ಬೇಕು. ಟ್ರಾನ್ಸ್‌ಫಾರ್ಮರಿನ ಹತ್ತಿರ ಒಂದು ತಂತಿಯನ್ನು ನೆಲಕ್ಕೆ ಇಳಿಸಿರುತ್ತಾರೆ, ಹಾಗಾಗಿ ಒದ್ದೆ ಮಣ್ಣೂ ಒಂದು ತಂತಿಯ ಹಾಗೆಯೇ. ನೀರು ಚೆಲ್ಲಿದ ನೆಲದಲ್ಲಿ ಬರಿಗಾಲಲ್ಲಿ ನಿಂತವರು ಮುಟ್ಟಿದರೆ…

ಅಮ್ಮ ತಮ್ಮ ಕಾಲು ನೋಡಿಕೊಂಡರು. ಚಪ್ಪಲಿ ಕಳಚಿ ಮರಳಿನ ಮೇಲೆ ನಿಂತರು. ಮತ್ತೆ ಹಾಕಿಕೊಂಡರು.

“ನಾನ್ ಚಪ್ಪಲ್ ಹಾಕಿದ್ದೆ,” ಎಂದರು. “ರಬ್ಬರ್ ಚಪ್ಪಲ್. ಗದ್ದೆಗ್ ಚಪ್ಪಲ್ ಹಾಕ್ಕಂಡ್ ಬತ್ಯಾ ಅಂತ ಬೈದಿದ್ರ್ ಅವ್ರ್.”

ಆಮೇಲೆ ಕೇಳಿದರು: “ಫ್ಯೂಸ್ ಎಂತಕ್ಕೆ ಹೋಯ್ಲಿಲ್ಲೆ?”

ಮನುಷ್ಯನ ಜೀವ ತೆಗೆಯಲು ಬೇಕಾದ ಕರೆಂಟು ಬಹಳ ಕಡಿಮೆ, ಅದು ಫ್ಯೂಸಿಗೆ ಗೊತ್ತೇ ಆಗುವುದಿಲ್ಲ ಎಂದೆ. ಅದಕ್ಕೇ ಇನ್ನೊಂದು ತಂತಿ ಇರಬೇಕು. ಮೋಟಾರಿನ ಮೈಯಿಂದ ನೇರ ನೆಲಕ್ಕೆ. ಎಲ್ಲ ಸರಿ ಇರುವಾಗ ಅದಕ್ಕೆ ಕೆಲಸವಿಲ್ಲ. ಸೋರಿದ ದಿನ ಮಾತ್ರ ಅದು ಸುಲಭದ ದಾರಿಯಾಗಿ ಬಹುಪಾಲನ್ನು ಎಳೆದುಕೊಳ್ಳುತ್ತದೆ. ಒಮ್ಮೆಲೇ ಅಷ್ಟು ಹರಿದರೆ ಫ್ಯೂಸೂ ಹೋಗಬಹುದು. ಬಗ್ಗಿ ನೋಡಿದೆ. ಮೋಟಾರಿನ ಕಾಲಿನ ಹತ್ತಿರ ಒಂದು ಬೋಲ್ಟು ಇತ್ತು, ಅದರಲ್ಲಿ ಏನೂ ಇರಲಿಲ್ಲ. ಎರಡು ಮಾರು ದೂರದಲ್ಲಿ ನೆಲಕ್ಕೆ ಹುಗಿದ ಪೈಪಿನ ತುದಿ ಕಾಣುತ್ತಿತ್ತು, ಅದರಲ್ಲೂ ಏನೂ ಇರಲಿಲ್ಲ.

“ಇಲ್ಲಿಂದ ಅಲ್ಲಿಗೆ ಒಂದ್ ಸರಿಗೆ ಇರ್ಕಿತ್ತ್ ಅಮ್ಮ.”

“ಎಷ್ಟ್ ದಪ್ಪದ್?”

“ಪೆನ್ಸಿಲಿಗಿಂತ ಚೂರ್ ಸಪುರ.”

“ಬೆಳ್ಳಿ ಬಣ್ಣದ್ದಾ?”

ಹೌದೆಂದೆ. ಅವರು ತಿರುಗಿ ಮನೆಯ ಕಡೆ ನಡೆದರು. ನಾನು ಹಿಂದಿನಿಂದ ಹೋದೆ. ಹಿಂಬದಿಯ ಮಾಡಿನ ಕೆಳಗೆ, ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಬಟ್ಟೆ ಒಣಗಿಸುವ ತಂತಿ ಕಟ್ಟಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ನಾನು ಶಾಲೆಗೆ ಉಡುವ ಸೀರೆ ಆಗ ಅದರ ಮೇಲೆಯೇ ಇತ್ತು.

“ಮಳೆಗಾಲದಗೆ ಹಗ್ಗ ಕೊಳ್ತ್ ಹೋಯ್ತ್,” ಎಂದರು ಅಮ್ಮ. “ವಸ್ತ್ರ ಹಾಕುಕೆ ಎಂತಾರೂ ಕಟ್ಟಿ ಕೊಡಿ ಅಂತ ಹೇಳದ್ ನಾನೇ. ‘ಪಂಪಿನ್ ಹತ್ರ ಒಂದ್ ಸರಿಗೆ ಸುಮ್ನೆ ಇತ್ತ್, ಅದ್ರಗೆ ಕರೆಂಟೇ ಬತ್ತಿಲ್ಲೆ’ ಅಂದ್ರ್. ಬಿಚ್ಚಿ ತಂದ್ರ್.”

ಅವರ ಹೆಗಲ ಮೇಲೆ ಕೈಯಿಡಲು ನನಗೆ ಧೈರ್ಯ ಬರಲಿಲ್ಲ. ಸೀರೆಯನ್ನು ಮೆಲ್ಲಗೆ ಎಳೆದು ತೆಗೆದುಕೊಂಡೆ. ಅದೊಂದೇ ನನಗೆ ಆಗ ಮಾಡಲು ಸಾಧ್ಯವಿದ್ದ ಕೆಲಸ.

ಮುಂದಿನ ಕೆಲವು ದಿನ ಅಮ್ಮ ದನ ಕರೆದರು, ಅಂಗಳ ಗುಡಿಸಿದರು, ನನ್ನ ಬುತ್ತಿ ಕಟ್ಟಿಕೊಟ್ಟರು. ಸಂಜೆಯ ಪ್ರಶ್ನೆ ನಿಂತಿತು. ಗೊತ್ತಿಲ್ಲದೆ ಇದ್ದದ್ದೇ ಅವರಿಗೆ ಒಳ್ಳೆಯದಿತ್ತೇನೋ ಎಂದು ಪಾಠದ ಮಧ್ಯೆಯೂ ನನಗೆ ಅನಿಸುತ್ತಿತ್ತು. ಒಂದು ಸಂಜೆ ಬಂದು ನೋಡಿದರೆ ತಂತಿ ಇದ್ದ ಜಾಗದಲ್ಲಿ ನೀಲಿ ನೈಲಾನ್ ಹಗ್ಗ ಕಟ್ಟಿತ್ತು. ಅಮ್ಮ ಜಗಲಿಯಲ್ಲಿ ಕೂತಿದ್ದರು.

“ಕೂಕಣಿ ಟೀಚರ್ರೆ,” ಎಂದರು. “ವಸ್ತ್ರಕ್ಕೆ ಎಂತಾರೂ ಕಟ್ಟಿ ಕೊಡಿ ಅಂತ ಕೇಂಡದ್ ನಾನ್. ಬಿಚ್ಚದ್ ಅವ್ರ್. ಹಾಕ್ ಅಂದದ್ದ್ ಅವ್ರ್, ಹಾಕದ್ ನಾನ್. ಇಬ್ರಿಗೂ ಗೊತ್ತಿರ್ಲಿಲ್ಲೆ. ಇಷ್ಟ್ ದಿನ ನಂಗೆ ಆ ಸ್ವಿಚ್ ಒಂದೇ ಕಾಂತಿತ್ತ್, ಕಣ್ ಮುಚ್ಚಿರೂ ಅದೇ. ಈಗ್ಳ್ ಇಡೀ ದಾರಿ ಕಾಣತ್ತ್.”

ಅಳಲಿಲ್ಲ. ಒಂದು ಲೆಕ್ಕ ಒಪ್ಪಿಸಿದ ಹಾಗೆ ಹೇಳಿದರು. ಅದು ಅವರಿಗೆ ಸಮಾಧಾನವಾಯಿತೇ, ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಆದರೆ ಆ ರಾತ್ರಿ ಅಡುಗೆಮನೆಯ ಲೈಟನ್ನು ಅವರೇ ಬೆರಳಿನಿಂದ ಆರಿಸಿದರು.

ಭಾವಯ್ಯನ ಹತ್ತಿರ ಅಮ್ಮ ಈ ವಿಷಯ ಎತ್ತಿದ್ದು ಅವರ ಪಂಪಿನ ಸಲುವಾಗಿ. ಬೇಲಿಯಾಚೆಯ ಪಂಪಿಗೂ ನೆಲದ ತಂತಿ ಇರಲಿಲ್ಲ, ಅಮ್ಮ ಹೋಗಿ ನೋಡಿ ಬಂದಿದ್ದರು. ಭಾವಯ್ಯ ನಮ್ಮ ಜಗಲಿಗೆ ಬಂದು ನಿಂತೇ ಮಾತಾಡಿದರು.

“ಸತ್ತವ್ನ ಮೇಲ್ ತಪ್ಪ್ ಹಾಕೂಕೆ ಹೊರ್ಟ್ಯಾ? ಅವ್ನೇ ಸರಿಗೆ ಬಿಚ್ಚಿ ಸತ್ತ ಅಂತ ಊರಿಗೆಲ್ಲ ಹೇಳೂದಾ?”

ನನ್ನ ಕಡೆಗೂ ಒಂದು ನೋಟ ಬಿತ್ತು. ಇದೆಲ್ಲ ಈ ಟೀಚರ್ ಕಲಿಸಿದ್ದು ಎಂಬ ನೋಟ. ಅಮ್ಮ ಭಾವಯ್ಯನ ಎದುರು ದನಿ ಎತ್ತಿದ್ದನ್ನು ನಾನು ನೋಡಿರಲಿಲ್ಲ. ಆಗಲೂ ಎತ್ತಲಿಲ್ಲ.

“ತಪ್ಪಲ್ಲ ಭಾವಯ್ಯ, ಸರಿಗೆ,” ಎಂದರು. “ಸರಿಗೆ ಇರ್ಲಿಲ್ಲೆ, ಅಷ್ಟೇ ನಾನ್ ಹೇಳೂದ್. ನೀವೂ ಬರಿಗಾಲಗೇ ಹೋತ್ರಿ ಅಲ್ದಾ.”

ಭಾವಯ್ಯ ಶಾಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದರು. ತಿಂಗಳುಗಟ್ಟಲೆ ಎರಡು ಮನೆಗೂ ಮಾತಿರಲಿಲ್ಲ. ಮುಂದಿನ ಬೇಸಗೆಯಲ್ಲಿ ನಾವಿಬ್ಬರೂ ಆ ದಾರಿಯಾಗಿ ಬರುವಾಗ ಅವರ ಪಂಪಿನ ಬದಿಯಲ್ಲಿ ಹೊಸ ತಂತಿ ಬಿಸಿಲಿಗೆ ಹೊಳೆಯುತ್ತಿತ್ತು. ಅಮ್ಮ ನೋಡಿದರು, ನಾನೂ ನೋಡಿದೆ.

ಅಮ್ಮ ತಮ್ಮ ಪಂಪನ್ನು ಅದಕ್ಕೂ ಮೊದಲೇ ರಿಪೇರಿ ಮಾಡಿಸಿದ್ದರು. ಮೋಟಾರು ಕೋಟಕ್ಕೆ ಹೋಗಿ ಹೊಸ ಸುತ್ತು ಹಾಕಿಸಿಕೊಂಡು ಬಂತು. ಕೋಟದ ಎಲೆಕ್ಟ್ರಿಷಿಯನ್ ಗುಂಡಿ ತೆಗೆದು, ಅಮ್ಮನ ಒಲೆಯ ಇದ್ದಿಲನ್ನೇ ಕೇಳಿ ತೆಗೆದುಕೊಂಡು, ಕಲ್ಲುಪ್ಪಿನ ಜೊತೆ ತುಂಬಿಸಿದ. ಅಮ್ಮ ಗುಂಡಿಯ ಬಾಯಲ್ಲಿ ಕೂತು ಪ್ರತಿಯೊಂದಕ್ಕೂ ಎಂತಕ್ಕೆ, ಎಂತಕ್ಕೆ ಎಂದು ಕೇಳಿ ಅವನ ತಲೆ ತಿಂದರು. ನೆಲ ಒಣಗಿದರೆ ದಾರಿ ಬಿಗಿಯುತ್ತದೆ, ಬೇಸಗೆಯಲ್ಲಿ ನೀರು ಹಾಕಬೇಕು ಎಂದು ಅವನು ಹೇಳಿದ್ದನ್ನು ಕೊನೆಯವರೆಗೂ ಪಾಲಿಸಿದರು. ಎಲ್ಲ ಮುಗಿಸಿ ಅವನು ಮೋಟಾರಿಗೆ ಟೆಸ್ಟರ್ ಹಿಡಿದು ನೋಡಿ, ಸರಿ ಇದೆ ಎಂದು ಸಾಮಾನು ಕಟ್ಟಿಕೊಂಡು ಹೊರಟ.

ಪಂಪನ್ನು ಮೊದಲ ಸಲ ನಾವಾಗಿಯೇ ಚಾಲೂ ಮಾಡಿದ್ದು ಮರುದಿನ ಬೆಳಿಗ್ಗೆ. ಸ್ವಿಚ್ಚು ತಾವೇ ಹಾಕುವುದಾಗಿ ಅಮ್ಮ ಹೇಳಿದರು. ನನ್ನನ್ನು ಪಂಪಿನ ಹತ್ತಿರ ನಿಲ್ಲಲು ಕಳಿಸಿದರು. ಅದಕ್ಕೂ ಮೊದಲು ನನ್ನ ಕಾಲಲ್ಲಿ ಚಪ್ಪಲಿ ಇದೆಯೇ ಎಂದು ನೋಡಿದರು. ಏನನ್ನೂ ಮುಟ್ಟಬಾರದೆಂದು ಎರಡು ಸಲ ಹೇಳಿದರು. ತೆಂಗಿನ ಮರಗಳ ಈಚೆ ನಾನು, ಆಚೆ ಗೋಡೆಯ ಹತ್ತಿರ ಅವರು. ಒಬ್ಬರಿಗೊಬ್ಬರು ಕಾಣುವಂತಿರಲಿಲ್ಲ.

“ಹಾಕಿ ಅಮ್ಮ,” ಎಂದು ಕೂಗಿದೆ.

ತುಂಬ ಹೊತ್ತು ಏನೂ ಆಗಲಿಲ್ಲ. ಕೊನೆಗೆ ಮೋಟಾರು ಗುಂಯ್ ಎಂದಿತು. ಪೈಪು ಒಮ್ಮೆ ಕೆಮ್ಮಿ, ಕೆಂಪು ನೀರು ಕಾರಿ, ಆಮೇಲೆ ತಿಳಿನೀರು ಭರ್ರೆಂದು ಗದ್ದೆಗೆ ಬಿತ್ತು. ಅಷ್ಟರಲ್ಲಿ ನನಗೆ ನೆನಪಾಯಿತು. ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದೆ: “ನೀರ್ ಬಂತ್ ಅಮ್ಮ! ನೀರ್ ಬಂತ್!”

ಆ ಕಡೆಯಿಂದ ಉತ್ತರವಿಲ್ಲ. ಓಡಿ ಹೋಗಿ ನೋಡಿದರೆ ಅಮ್ಮ ಸ್ವಿಚ್ಚಿನ ಕೆಳಗೆ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಕೈ ಎರಡೂ ತೊಡೆಯ ಮೇಲೆ.

“ಕೇಂತ್,” ಎಂದರು. “ಇನ್ನೊಂದ್ ಚೂರ್ ಹೊತ್ತ್ ಬಿಡ್ವ. ಗದ್ದೆ ಪೂರ ಒದ್ದೆ ಆಯ್ಲಿ.”

ಆ ವರ್ಷ ನೆಲಗಡಲೆ ಹಾಕಿದರು. ಕೀಳುವಾಗ ನಾನೂ ಕೂತು ಬಳ್ಳಿಯಿಂದ ಕಾಯಿ ಬಿಡಿಸಿದ್ದೇನೆ. ಇನ್ನೂ ಎರಡು ಬೆಳೆ ಕಂಡೆ. ಆಮೇಲೆ ನನಗೆ ಬೈಂದೂರಿಗೆ ವರ್ಗವಾಯಿತು, ಮದುವೆಯಾಯಿತು. ಮೊದಮೊದಲು ವರ್ಷಕ್ಕೆ ಒಂದೆರಡು ಸಲ ಹೋಗುತ್ತಿದ್ದೆ. ಆಮೇಲೆ ಅಮ್ಮನ ಮೊಣಕಾಲು ನೋವು ಜೋರಾಗಿ ಮಗಳು ಮುಂಬಯಿಗೆ ಕರೆದುಕೊಂಡು ಹೋದಳು. ಅಲ್ಲಿಂದ ಫೋನು ಬರುತ್ತಿತ್ತು.

“ಇಲ್ಲಿ ಸರಿಗೆ ಎಲ್ಲ ಗೋಡೆ ಒಳ್ಗೆ ಟೀಚರ್ರೆ, ಎಂತ ಕಾಂತಿಲ್ಲೆ. ಅರ್ತ್ ಎಲ್ಲಿತ್ತ್ ಅಂತ ವಾಚ್‌ಮನ್ನಿಗ್ ಕೇಂಡ್ರೆ ನೆಗಾಡ್ತ. ಹನ್ನೊಂದನೇ ಮಾಳ್ಗಿ. ಮಣ್ಣೇ ದೂರ ಇತ್ತ್.”

ಹೋದದ್ದು ಅಲ್ಲಿಯೇ. ಜ್ವರ ಬಂದು, ಆಸ್ಪತ್ರೆಗೆ ಸೇರಿಸಿ, ನಾಲ್ಕು ದಿನಕ್ಕೆ. ಮಗಳು ಫೋನು ಮಾಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಳ್ಳಿಯ ಮನೆ, ಗದ್ದೆ ಮಾರಿದರು. ಅಲ್ಲಿಗೆ ನಾನು ಮತ್ತೆ ಹೋಗಿಲ್ಲ.

ಹೋದ ವಾರ ಗುಂಡಿಯ ಹತ್ತಿರ ನಿಂತು ನಾನು ಎಲೆಕ್ಟ್ರಿಷಿಯನ್ ಹುಡುಗನಿಗೆ ಒಂದೊಂದೇ ಕೇಳಿದೆ. ಪೈಪಿಗೆ ತಂತಿ ಬಿಗಿಯಾಗಿ ಹಿಡಿದಿದೆಯೇ, ಒಳಗಿನ ಬೋರ್ಡಿನವರೆಗೆ ಎಲ್ಲೂ ತುಂಡಿಲ್ಲವೇ, ಕರೆಂಟು ಸೋರಿದ ಕೂಡಲೇ ಕಡಿಯುವ ಟ್ರಿಪ್ಪರ್ ಹಾಕುತ್ತಾನೆಯೇ. ಅವನು ತಾಳ್ಮೆಯಿಂದ ತೋರಿಸಿದ. ಕೊನೆಗೆ ನಕ್ಕು ಕೇಳಿದ:

“ಯಾರೂ ಇಷ್ಟೆಲ್ಲ ಕೇಂತಿಲ್ಲೆ ಟೀಚರ್ರೆ. ಎಲ್ಲಾದ್ರೂ ಶಾಕ್ ಹೊಡ್ದಿತ್ತಾ?”

“ಅಮ್ಮನ ಮನೆಯಗೆ,” ಎಂದೆ. “ಭಾರಿ ವರ್ಷ ಆಯ್ತ್.”

ತವರುಮನೆಯೆಂದು ಅವನು ತಿಳಿದಿರಬೇಕು. ನಾನು ತಿದ್ದಲಿಲ್ಲ.

“ಅಮ್ಮ ಈಗ್ಳ್ ಇದ್ರಾ?”

“ಇಲ್ಲೆ,” ಎಂದೆ. ಅವರು ಹೋದ ಸುದ್ದಿ ನನಗೆ ಫೋನಿನಲ್ಲಿ ಬಂದದ್ದು. ನಾನು ಅದನ್ನು ಯಾರಿಗೂ ಹೇಳಬೇಕಾಗಿ ಬಂದಿರಲಿಲ್ಲ. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.